ಅಚ್ಯುತನ ಬಳಿ ಬೀಳುವ ಆಟ

ಶಿಸ್ತಿನ ಮನುಷ್ಯನಿಗೆ ಚಟ ಹತ್ತುವುದಿಲ್ಲ ಎಂದು ಜನ ತಿಳಿದಿದ್ದಾರೆ. ಅದು ತಪ್ಪು. ಶಿಸ್ತಿನ ಮನುಷ್ಯನಿಗೆ ಚಟವೂ ಶಿಸ್ತಾಗಿಯೇ ಹತ್ತುತ್ತದೆ. ವೇಳಾಪಟ್ಟಿಯಲ್ಲಿ ಅದಕ್ಕೊಂದು ಸಾಲು ಸಿಕ್ಕಿಬಿಟ್ಟರೆ ಆಮೇಲೆ ಬಿಡಿಸುವವರು ಯಾರು? ನಮ್ಮ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ನನ್ನ ದಿನಚರಿಯ ಹಾಳೆ ಅಂಟಿಸಿದೆ. ನಾಲ್ಕೂವರೆಗೆ ಏಳುವುದು, ಐದಕ್ಕೆ ಸ್ನಾನ, ಐದೂಕಾಲಿಗೆ ಸಂಧ್ಯಾವಂದನೆ, ಆರಕ್ಕೆ ಚಹಾ. ಹೀಗೆ ಇಳಿಯುತ್ತ ಹೋದರೆ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ‘ಕಂಪ್ಯೂಟರ್ ಅಭ್ಯಾಸ’ ಎಂದಿದೆ. ಓದಿದವರು, ಈ ವಯಸ್ಸಿನಲ್ಲೂ ಟೈಪಿಂಗ್ ಕಲಿಯುತ್ತಿದ್ದಾರಲ್ಲ ಎಂದು ಮೆಚ್ಚಿಕೊಳ್ಳುತ್ತಾರೆ. ನಾನು ತಿದ್ದಲು ಹೋಗಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ತರನಾಗಿ ನಿವೃತ್ತನಾದವನು ದಿನಾ ಒಂದು ತಾಸು ಚಕ್ರದ ಹಲಗೆ ಹತ್ತಿ ಕಬ್ಬಿಣದ ಕಂಬಿಗಳ ಮೇಲೆ ಜಾರುತ್ತಾನೆ ಎಂದು ಹೇಳಿಕೊಳ್ಳುವುದು ಹೇಗೆ?

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಗಳಾಗಿದ್ದವು. ಚಿತ್ತಾಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ನನ್ನ ಮಗಳು ಹೊಸ ಯಂತ್ರಗಳನ್ನು ತರಿಸಿ, ಹಳೆಯದೊಂದನ್ನು ಶಹಾಬಾದಿನ ನಮ್ಮ ಮನೆಗೆ ಕಳಿಸಿದಳು. “ಅಪ್ಪಾ, ಟೈಪಿಂಗ್ ಕಲೀರಿ, ವ್ಯಾಳ್ಯಾ ಹೋಗ್ತದ” ಎಂದಿದ್ದಳು. ಅವಳ ವಿದ್ಯಾರ್ಥಿ ಯಾರೋ ಅದರೊಳಗೆ ಸ್ಕೇಟ್‌ಬೋರ್ಡಿನ ಆಟವೊಂದನ್ನು ತುಂಬಿಟ್ಟಿದ್ದ. ಟೈಪಿಂಗ್ ಎಂದು ತಿಳಿದು ಒತ್ತಿದೆ. ತಲೆಗೆ ಹೆಲ್ಮೆಟ್ ಹಾಕಿದ ಹುಡುಗಿಯೊಬ್ಬಳು ಹಲಗೆಯ ಮೇಲೆ ಬರ್ರನೆ ಹೋಗಿ ಗೋಡೆಗೆ ಡಿಕ್ಕಿ ಹೊಡೆದಳು. ನನ್ನ ಇಡೀ ಸೇವೆಯಲ್ಲಿ ನನ್ನ ಕೈಕೆಳಗೆ ಒಂದೂ ಡಿಕ್ಕಿಯಾಗಿರಲಿಲ್ಲ. ಅವಳನ್ನು ಹಾಗೆಯೇ ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಆಟದ ನಿಯಮ ಸರಳ. ಒಂದು ಗುಂಡಿ ಒತ್ತಿದರೆ ಜಿಗಿತ, ಇನ್ನೊಂದಕ್ಕೆ ಹಲಗೆ ಗಾಳಿಯಲ್ಲಿ ಮಗುಚುತ್ತದೆ, ಮತ್ತೊಂದಕ್ಕೆ ಕಂಬಿಯ ಮೇಲೆ ಜಾರು. ನೆಲಕ್ಕಿಳಿಯುವಾಗ ಬಾಣದ ಗುಂಡಿಗಳನ್ನು ಮೇಲೆ-ಕೆಳಗೆ ಫಟ್ಟನೆ ಒತ್ತಿದರೆ ಹುಡುಗಿ ಮುಂದಿನ ಚಕ್ರ ಎತ್ತಿ ಹಿಂದಿನ ಚಕ್ರಗಳ ಮೇಲೇ ಸಾಗುತ್ತಾಳೆ. ಹಾಗೆ ಸಾಗುವಷ್ಟು ಹೊತ್ತು ಹಿಂದಿನ ಕಸರತ್ತಿಗೆ ಮುಂದಿನದನ್ನು ಜೋಡಿಸುತ್ತ ಹೋಗಬಹುದು. ಡಬ್ಬಿಗೆ ಡಬ್ಬಿ ಜೋಡಿಸಿ ಗಾಡಿ ಉದ್ದ ಮಾಡಿದ ಹಾಗೆ. ಸರಪಳಿ ಬೆಳೆದಷ್ಟೂ ಅಂಕಗಳು ಗುಣಿಸುತ್ತವೆ. ಆದರೆ ನಾಲ್ಕೂ ಚಕ್ರ ನೆಲಕ್ಕೆ ತಾಗಿ ನೆಟ್ಟಗೆ ನಿಂತರೆ ಮಾತ್ರ ಅಂಕ. ನಡುವೆ ಬಿದ್ದರೆ ಅಷ್ಟೂ ಸೊನ್ನೆ.

ಇದರ ಪರಿಣಾಮ ಊರಿನ ಮೇಲಾಯಿತು. ಹುಟ್ಟಿದಾಗಿನಿಂದ ಶಹಾಬಾದಿನ ಫರಸಿ ಕಲ್ಲಿನ ಮೇಲೇ ನಡೆದವನು ನಾನು, ಅದರ ನುಣುಪನ್ನು ಎಂದೂ ಗಮನಿಸಿರಲಿಲ್ಲ. ಈಗ ಯಾರ ಮನೆಯ ಕಟ್ಟೆ ಕಂಡರೂ ಅದರ ಅಂಚು ಎಷ್ಟು ಉದ್ದ ಎಂದು ಕಣ್ಣು ಅಳೆಯತೊಡಗಿತು. ವಾಡಿ ಸ್ಟೇಷನ್ನಿನ ಮೇಲ್ಸೇತುವೆಯ ಕಂಬಿಯನ್ನು ಅಷ್ಟು ವರ್ಷ ಕೈಯಿಂದ ಹಿಡಿದು ಇಳಿದಿದ್ದೆ. ಪಿಂಚಣಿಯ ಕೆಲಸಕ್ಕೆಂದು ಹೋದಾಗ ಅದನ್ನು ನೋಡಿ ‘ಛೇ, ಎಂಥ ಜಾಗ ವ್ಯರ್ಥವಾಯಿತು’ ಎನ್ನಿಸಿತು. ಚಿಂಚೋಳಿಯಲ್ಲಿ ಸಂಬಂಧಿಕರ ಮದುವೆಗೆ ಹೋದಾಗ ಅಕ್ಷತೆ ಹಿಡಿದು ಛತ್ರದ ಮೆಟ್ಟಿಲುಗಳನ್ನೇ ಎಣಿಸುತ್ತ ನಿಂತುಬಿಟ್ಟೆ. ಬೀಗರು ಬಂದು, “ಯಾಕ್ರಿ, ಮೊಣಕಾಲು ನೋಯ್ತದೇನು?” ಎಂದು ಕೈ ಹಿಡಿದು ಇಳಿಸಿದರು.

ನನ್ನ ಕಷ್ಟ ಬೇರೆಯೇ ಇತ್ತು. ಯಾವುದರ ನಂತರ ಯಾವುದು ಎಂಬ ಕ್ರಮ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕ್ರಮವಿಲ್ಲದೆ ನನ್ನ ಕೈ ಓಡುವುದಿಲ್ಲ. ಒಂದು ಬೆಳಿಗ್ಗೆ ಆಚಮನ ಮಾಡುವಾಗ ದಾರಿ ಹೊಳೆಯಿತು. ಕೇಶವ, ನಾರಾಯಣ, ಮಾಧವ ಎಂದು ಶುರುವಾಗಿ ಕೃಷ್ಣನಲ್ಲಿ ಮುಗಿಯುವ ಇಪ್ಪತ್ತನಾಲ್ಕು ಹೆಸರುಗಳು. ಒಂದೊಂದು ಹೆಸರಿಗೆ ಕೈ ತಾನಾಗಿ ಒಂದೊಂದು ಕಡೆ ಹೋಗುತ್ತದೆ: ಮೂಗು, ಕಣ್ಣು, ಕಿವಿ, ಹೊಕ್ಕಳು, ಎದೆ, ಭುಜ. ಉಪನಯನವಾದಂದಿನಿಂದ ಒಂದು ದಿನವೂ ತಪ್ಪಿಲ್ಲ. ಇದಕ್ಕಿಂತ ಪಕ್ಕಾ ಕ್ರಮ ಬೇರೆಲ್ಲಿದೆ? ಅಂದೇ ಮೂರು ಗಂಟೆಗೆ ಒಂದೊಂದು ಹೆಸರಿಗೆ ಒಂದೊಂದು ಕಸರತ್ತು ಹಂಚಿದೆ. ತ್ರಿವಿಕ್ರಮನಿಗೆ ಎಲ್ಲಕ್ಕಿಂತ ಎತ್ತರದ ಜಿಗಿತ, ವಾಮನನಿಗೆ ಬಗ್ಗಿ ಸಾಗುವುದು. ಬಾಯಲ್ಲಿ ‘ಕೇಶವಾಯ ನಮಃ’ ಎನ್ನುತ್ತಿದ್ದಂತೆ ಬೆರಳು ತಾನೇ ಓಡಿತು. ದೇವರ ಹೆಸರನ್ನು ಆಟಕ್ಕೆ ಹಚ್ಚಿದೆನಲ್ಲ ಎಂದು ಅಳುಕಾಯಿತು ನಿಜ. ಹೇಗೂ ಬೀಳುವ ಹೊತ್ತಿನಲ್ಲಿ ಆ ಹೆಸರು ಬಾಯಲ್ಲಿರುವುದು ಒಳ್ಳೆಯದೇ ಎಂದು ಸಮಾಧಾನ ಮಾಡಿಕೊಂಡೆ.

ಐದು ತಿಂಗಳ ಸಾಧನೆಯಿಂದ ಇಪ್ಪತ್ತನೆಯ ಹೆಸರಿಗೆ ಬಂದೆ. ಅಲ್ಲಿಂದ ಮುಂದೆ ಗಾಡಿ ಹೋಗಲೊಲ್ಲದು. ಅದು ಅಚ್ಯುತನ ಹೆಸರು. ಅಚ್ಯುತನೆಂದರೆ ಜಾರದವನು, ನಾನು ಜಾರುವುದು ಸರಿಯಾಗಿ ಅಲ್ಲಿಯೇ.

ಹೀಗಿರುವಾಗ ರಾಘು ಅಡ್ಡಬಂದ. ರಾಘು ನನ್ನ ಹೆಂಡತಿ ಇಂದಿರೆಯ ತಮ್ಮ. ಸೇಡಂನ ಕಚೇರಿಯೊಂದರಲ್ಲಿ ಗುಮಾಸ್ತ. ಭಾನುವಾರ ನಮ್ಮಲ್ಲಿಗೆ ಬರುತ್ತಾನೆ, ಹೊರಡಬೇಕೆಂದ ಗಾಡಿ ತಪ್ಪಿಸಿಕೊಂಡು ಮುಂದಿನದಕ್ಕೆ ಬರುತ್ತಾನೆ. ಎಂಟಕ್ಕೆ ಏಳುವುದು, ಹಾಸಿಗೆಯಲ್ಲೇ ಚಹಾ, ಸ್ನಾನ ಯಾವಾಗ ನೆನಪಾದರೆ ಆವಾಗ. ಇಂಥವನು ನನ್ನ ಹಿಂದೆ ನಿಂತು ಹತ್ತು ನಿಮಿಷ ನೋಡಿ, “ಸರೀರಿ ಭಾವಾ” ಎಂದು ಕೂತವನೇ ಮೊದಲ ಸಲಕ್ಕೇ ಒಂಬತ್ತು ಕಸರತ್ತು ಪೋಣಿಸಿ ನೆಟ್ಟಗೆ ಇಳಿದುಬಿಟ್ಟ. ನನ್ನ ಐದು ತಿಂಗಳಲ್ಲಿ ಪರದೆಯ ಮೇಲೆ ಅಷ್ಟು ಅಂಕ ಬಂದಿರಲಿಲ್ಲ, ಏಕೆಂದರೆ ಹತ್ತೊಂಬತ್ತು ಪೋಣಿಸಿಯೂ ನಾನು ಬೀಳುತ್ತಿದ್ದೆ.

“ಭಾವಾ, ಒಂದೊಂದು ಹೆಸರು ಹಿಡಿದು ಒತ್ತಲಿಕ್ಕೆ ಇದೇನು ಹಾಜರಿ ಪುಸ್ತಕ ಏನ್ರಿ? ಕೈ ಹೋದಂಗ ಹೋಗ್ಲಿ ಬಿಡ್ರಿ.”

“ಕೈ ಹೋದಂಗ ಬಿಟ್ಟಿದ್ರ ವಾಡ್ಯಾಗ ದಿನಾ ಎರಡು ಗಾಡಿ ಮಾರಿಗೆ ಮಾರಿ ಹಚ್ಚಿ ನಿಂದರ್ತಿದ್ವು” ಎಂದೆ.

“ಹಂಗಾದ್ರ ಆಗ್ಲಿ. ಬರೋ ಐತವಾರ ಇಬ್ರೂ ಒಂದೊಂದೇ ಸಲ ಆಡೋಣು. ಸೋತವರು ಒಂದು ವಾರ ಗೆದ್ದವರ ದಿನಚರಿಯಂಗ ಇರಬೇಕು.”

ರಾಘು ನಾಲ್ಕೂವರೆಗೆ ಎದ್ದು ತಣ್ಣೀರು ಸುರಿದುಕೊಳ್ಳುವ ದೃಶ್ಯ ಕಣ್ಣ ಮುಂದೆ ಬಂತು. ಒಪ್ಪಿದೆ. ನಾನು ಸೋತರೆ ಎಂಬ ಯೋಚನೆ ಬಂದದ್ದು ಆಮೇಲೆ. ವಾರವಿಡೀ ಎಷ್ಟು ಅಭ್ಯಾಸ ಮಾಡಿದೆನೆಂದರೆ, ಒಂದು ಬೆಳಿಗ್ಗೆ ಸಂಧ್ಯಾವಂದನೆಯಲ್ಲಿ ಮಧುಸೂದನನ ಹೆಸರು ಬಂದಾಗ ಬೆರಳು ತುಟಿಗೆ ಹೋಗುವ ಬದಲು ಪಂಚಪಾತ್ರೆಯ ಅಂಚನ್ನು ಎರಡು ಸಲ ಕುಟ್ಟಿತು. ಮೊದಲಿನಿಂದ ಶುರು ಮಾಡಬೇಕಾಯಿತು. ಆರರ ಚಹಾ ಆರು ಗಂಟೆ ಎಂಟು ನಿಮಿಷಕ್ಕಾಯಿತು.

ಭಾನುವಾರ ಬಂತು. ರಾಘು ಮುಂದಿನ ಗಾಡಿಗೆ ಬಂದ. ಒಂಬತ್ತು ಕಸರತ್ತು ಹೊಡೆದು, “ಸಾಕ್ರೆಪಾ” ಎಂದು ಇಳಿದು, ಎದ್ದು ಅವಲಕ್ಕಿಯ ತಟ್ಟೆ ಎತ್ತಿಕೊಂಡ. ನಾನು ಕನ್ನಡಕ ಒರೆಸಿ ಕೂತೆ. ‘ಕೇಶವಾಯ ನಮಃ’. ಹುಡುಗಿ ಹೊರಟಳು. ಅಂದು ಕೈ ಭಾಳ ಹದವಾಗಿತ್ತು. ದಾಮೋದರನನ್ನು ದಾಟುವಾಗ ಬೆನ್ನ ಹಿಂದೆ ಬಳೆಗಳ ಸದ್ದಾಯಿತು. ಇಂದಿರೆ ಭಜನೆ ಮಂಡಳಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ಗಂಡಸು ಮಧ್ಯಾಹ್ನ ಗಟ್ಟಿಯಾಗಿ ನಾಮ ಹೇಳುತ್ತಿರುವುದನ್ನು ಕೇಳಿ ಅವರು ಅಲ್ಲಿಯೇ ಕೈಮುಗಿದು ನಿಂತದ್ದು ಪರದೆಯ ಗಾಜಿನಲ್ಲಿ ಕಂಡಿತು. ಸಂಕರ್ಷಣ ಮುಗಿದಾಗ ರಾಘುವಿನ ಅಂಕ ದಾಟಿತು. ತಟ್ಟೆ ಕೆಳಗಿಟ್ಟು ಅವನೇ ಕೂಗಿದ: “ಸಾಕ್ರಿ ಭಾವಾ, ಗೆದ್ರಿ! ಇಳೀರಿ!”

ಇಳಿದರೆ ಗೆದ್ದಂತೆ. ಒಂದೇ ಗುಂಡಿ. ಆದರೆ ಹದಿಮೂರನೆಯ ಹೆಸರಿಗೆ ಆಚಮನ ನಿಲ್ಲಿಸಿ ಎದ್ದವರನ್ನು ನೀವು ಕಂಡಿದ್ದೀರಾ? ಹೊರಟ ಗಾಡಿಯನ್ನು ನಡು ದಾರಿಯಲ್ಲಿ ನಿಲ್ಲಿಸಿ ರೂಢಿಯಿಲ್ಲ ನನಗೆ, ಅದರಲ್ಲೂ ಹಿಂದೆ ಇಬ್ಬರು ಕೈಮುಗಿದು ನಿಂತಿರುವಾಗ. ವಾಸುದೇವ, ಪ್ರದ್ಯುಮ್ನ, ಅನಿರುದ್ಧ, ಪುರುಷೋತ್ತಮ, ಅಧೋಕ್ಷಜ, ನಾರಸಿಂಹ. “ಅಚ್ಯುತಾಯ…” ಎಂದೆ. ಹುಡುಗಿ ಕಂಬಿಯಿಂದ ಜಾರಿ ಅಂಗಾತ ಬಿದ್ದಳು. ಸೊನ್ನೆ.

“ಯಾಕ್ರೀ ಮಾಸ್ತರ, ಅರ್ಧಕ್ಕ ನಿಂತ್ರಿ?” ಎಂದು ಒಬ್ಬಾಕೆ ಗಾಬರಿಯಾದಳು. ನಾನು ಬಾಯಿ ತೆರೆಯುವ ಮೊದಲೇ ಇಂದಿರೆ ಒಂದೇ ಉಸಿರಿಗೆ, “ಜನಾರ್ದನಾಯ ನಮಃ, ಉಪೇಂದ್ರಾಯ ನಮಃ, ಹರಯೇ ನಮಃ, ಶ್ರೀಕೃಷ್ಣಾಯ ನಮಃ” ಎಂದು ಮುಗಿಸಿದಳು. ಹೆಂಗಸರು ನೆಮ್ಮದಿಯಿಂದ ನಮಸ್ಕರಿಸಿ, ಪ್ರಸಾದ ಕೊಟ್ಟು ಹೋದರು. ಇಂದಿರೆ ಹೇಳಿದ ರೀತಿಯಲ್ಲಿ ಎಷ್ಟೋ ದಿನದ ರೂಢಿ ಇತ್ತು.

“ನಿನಗ ಹ್ಯಾಂಗ ಇಷ್ಟು ಲಗೂನ ಬಂತು?” ಎಂದು ಕೇಳಿದೆ.

“ಬರದೇನ್ರಿ? ದಿನಾ ಹೇಳ್ತೀನಲ್ಲ. ನೀವು ಬಿದ್ದಲ್ಲಿ ಬಿಟ್ಟುಬಿಡ್ತೀರಿ. ನಾಮ ಅರ್ಧಕ್ಕ ಬಿಟ್ರ ಮನಿಗೆ ಛಲೋ ಅಲ್ಲ. ಉಳಿದದ್ದು ನಾ ಅಡಿಗಿಮನ್ಯಾಗ ಮುಗಸ್ತೀನಿ. ಮದಲ ನೀವು ಗೋವಿಂದಗೇ ಬೀಳ್ತಿದ್ರಿ. ಇಪ್ಪತ್ತು ಹೆಸರು ಹೇಳೋದ್ರಾಗ ಹಾಲು ಉಕ್ಕಿಹೋಗ್ತಿತ್ತು. ಈಗ ನಾಕೇ ಉಳೀತಾವ. ಭಾಳ ಸುಧಾರಿಸೀರಿ.”

“ಹಂಗಾರ ಇದು ಆಟ ಅಂತ ನಿನಗ ಗೊತ್ತಿತ್ತೇನು?”

“ಜಪಾ ಮಾಡೋರು ನಡುನಡುವ ‘ಹಾಳಾಗಿ ಹೋಗು’ ಅಂತ ಒದರ್ತಾರೇನ್ರಿ?”

ರಾಘು ನೆಲದ ಮೇಲೆ ಉರುಳಾಡಿ ನಕ್ಕ. ಆ ವಾರ ನಾನು ಅವನ ದಿನಚರಿಯನ್ನು ಚಾಚೂ ತಪ್ಪದೆ ಪಾಲಿಸಿದೆ. ಎಂಟಕ್ಕೆ ಅಲಾರಂ ಇಟ್ಟು, ನಾಲ್ಕೂವರೆಗೇ ಎಚ್ಚರಾಗಿ, ಅದು ಹೊಡೆಯುವವರೆಗೆ ಕಣ್ಣು ಮುಚ್ಚಿ ಮಲಗಿರುತ್ತಿದ್ದೆ. ಸೋಮಾರಿತನ ಇಷ್ಟು ಕಷ್ಟದ ಕೆಲಸವೆಂದು ಗೊತ್ತಿದ್ದರೆ ರಾಘುವಿಗೆ ಎಂದೋ ಗೌರವ ಕೊಡುತ್ತಿದ್ದೆ.

ಅದಾಗಿ ಸುಮಾರು ಇಪ್ಪತ್ತು ದಿನಕ್ಕೆ, ಒಂದು ಮಂಗಳವಾರ, ಅಚ್ಯುತನನ್ನು ದಾಟಿದೆ. ಜನಾರ್ದನ, ಉಪೇಂದ್ರ, ಹರಿ, ಕೃಷ್ಣ. ನಾಲ್ಕೂ ಚಕ್ರ ನೆಲಕ್ಕೆ. ಪರದೆಯ ಮೇಲೆ ಬಂದ ಅಂಕ ಓದಲು ಕನ್ನಡಕ ಸರಿಮಾಡಿಕೊಂಡೆ. ಕೂಗಿ ಹೇಳೋಣವೆಂದು ಅಡುಗೆಮನೆಯ ಬಾಗಿಲಿಗೆ ಹೋದರೆ ಇಂದಿರೆ ಹಾಲಿನ ಮುಂದೆ, ಬಾಯಿ ತೆರೆಯಲು ಸಿದ್ಧಳಾಗಿ ನಿಂತಿದ್ದಳು. ನನ್ನನ್ನು ನೋಡಿ, “ಇವತ್ತ ನನಗ ಏನೂ ಉಳಸಲಿಲ್ಲಲ್ರಿ” ಎಂದಳು. ನಕ್ಕೇ ಅಂದಳು. ಆದರೂ ಸ್ವಲ್ಪ ಹೊತ್ತು ಚಮಚವನ್ನು ಸುಮ್ಮನೆ ತಿರುವುತ್ತಲೇ ಇದ್ದಳು.

ಬುಧವಾರದಿಂದ ಮತ್ತೆ ಅಚ್ಯುತನ ಬಳಿಯೇ ಬೀಳುತ್ತಿದ್ದೇನೆ. ಒಳಗಿನಿಂದ ಉಳಿದ ನಾಲ್ಕು ಹೆಸರು ಕೇಳಿಸಿದ ಮೇಲೆ ಗಡಿಯಾರ ನೋಡಿ ಏಳುತ್ತೇನೆ, ಅಷ್ಟು ಹೊತ್ತಿಗೆ ಚಹಾ ಬಂದಿರುತ್ತದೆ. ಬೇಕೆಂದೇ ಬೀಳುತ್ತೇನೆ ಎಂದು ರಾಘುವಿಗೆ ಹೇಳಿದೆ. ಅವನು ನಂಬಲಿಲ್ಲ. ವಾರದಲ್ಲಿ ಎರಡು ದಿನದ ಮಟ್ಟಿಗಾದರೂ ಅದು ನಿಜ.