ಚಿಕ್ಕಪ್ಪನ ಅವಸರ

ನಮ್ಮ ಚಿಕ್ಕಪ್ಪನನ್ನು ಯಾರಾದರೂ ‘ಏನು ಅವಸರ?’ ಎಂದು ಕೇಳಿದರೆ ಕೇಳಿದವರ ಅರ್ಧ ದಿನ ಹೋಯಿತೆಂದೇ ತಿಳಿಯಬೇಕು. ಮದರಾಸಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಮದುವೆಯಾಗಿರಲಿಲ್ಲ, ಅಡ್ಯಾರಿನ ನಮ್ಮ ಮನೆಯಲ್ಲೇ ವಾಸ. ಆ ಒಂದು ಪದ ಬಿಟ್ಟರೆ ಬೇರೆ ಯಾವ ಹುಚ್ಚೂ ಇರಲಿಲ್ಲ.

ಒಂದು ಬೆಳಿಗ್ಗೆ ಓಡಿಹೋಗಿ ಬಸ್ಸು ಹತ್ತಿದರು. ಕಂಡಕ್ಟರ್ ನಗುತ್ತಾ “ಎನ್ನ ಸಾರ್ ಅವಸರಂ?” ಎಂದ. ಇನ್ನು ಕೇಳಬೇಕೆ? ಇವರು ಕೆಳಗಿಳಿದು ನಿಂತು ತಮಿಳಿನಲ್ಲಿ ಶುರುಮಾಡಿದರು: “ನಿಮಗೂ ನಮಗೂ ಅವಸರ ಅಂದ್ರೆ ಆತುರ. ಮಲಯಾಳದವರಿಗೆ ಅದೇ ಅವಕಾಶ. ಸಂಸ್ಕೃತದಲ್ಲಿ ಬಿಡುವು ಅನ್ನೋ ಅರ್ಥಾನೂ ಇತ್ತು...” ಬಸ್ಸು ಹೊರಟುಹೋಯಿತು.

“ಬಿಡುವು ಅನ್ನೋ ಪದ ನಮ್ಮಲ್ಲಿ ಆತುರ ಹೇಗಾಯ್ತು, ಹೇಳು?” ಎಂದು ಅಲ್ಲೇ ನಿಂತಿದ್ದ ಹನ್ನೆರಡು ವರ್ಷದ ನನ್ನನ್ನು ಕೇಳಿದರು.

“ಮೆಡ್ರಾಸುಕ್ಕು ವಂದಿರುಕ್ಕುಂ” ಎಂದೆ, ಸ್ಕೂಲಿನ ತಮಿಳಿನಲ್ಲಿ. ಮದರಾಸಿಗೆ ಬಂದಿರಬೇಕು, ಅದಕ್ಕೇ! ಚಿಕ್ಕಪ್ಪ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ತೆಲುಗಿನ ಅರ್ಥವನ್ನು ಮಾತ್ರ ಅವರು ಎಂದೂ ಹೇಳುತ್ತಿರಲಿಲ್ಲ. ಯಾಕೆಂದು ಅಮ್ಮನನ್ನು ಕೇಳಿದೆ. ಅಮ್ಮ ಅಕ್ಕಿ ಆರಿಸುತ್ತಲೇ ಹೇಳಿದಳು.

ಚಿಕ್ಕಪ್ಪನ ಕಚೇರಿಯಲ್ಲಿ ತೆಲುಗಿನ ಹುಡುಗಿಯೊಬ್ಬಳು ಟೈಪಿಸ್ಟ್ ಆಗಿದ್ದಳು. ಅವಳಿಗೋಸ್ಕರವೇ ಇವರು ತೆಲುಗು ಕಲಿತರು. ಆಂಧ್ರ ಬೇರೆಯಾದಾಗ ಅವಳಿಗೆ ಕರ್ನೂಲಿಗೆ ವರ್ಗವಾಯಿತು. ಹೊರಡುವ ಮುಂಚೆ ಅವಳೇ ಧೈರ್ಯ ಮಾಡಿ, “ನಮ್ಮ ತಂದೆಯನ್ನು ನಿಮ್ಮ ಮನೆಗೆ ಕಳಿಸಲಾ?” ಎಂದು ಕೇಳಿದಳು. ತಂಗಿಯ ಮದುವೆ ಮುಗಿಯಲಿ, ಆಮೇಲೆ ಬರಲಿ ಎಂಬುದು ಇವರ ಮನಸ್ಸಿನಲ್ಲಿತ್ತು. ಸಂತೋಷಕ್ಕೆ ಬಾಯಿ ತೊದಲಿ, ಅವಸರ ಇಲ್ಲ ಅನ್ನೋ ಅರ್ಥದಲ್ಲಿ “ಅವಸರಂ ಲೇದು” ಎಂದಷ್ಟೇ ಅಂದರು. ಅವಳು ತಲೆ ತಗ್ಗಿಸಿ ಹೊರಟುಹೋದಳು.

ಆಮೇಲೆ ಬರೆದ ಕಾಗದಗಳಿಗೆ ಉತ್ತರವೇ ಇಲ್ಲ. ಒಂದೂವರೆ ವರ್ಷ ಕಳೆಯಿತು. ಪಕ್ಕದ ಮನೆಯ ತೆಲುಗಿನವರಲ್ಲಿ ಊಟಕ್ಕೆ ಹೋಗಿದ್ದಾಗ ಆ ಮನೆಯಾಕೆ ಇನ್ನಷ್ಟು ಪಾಯಸ ತಂದರು. ಚಿಕ್ಕಪ್ಪ “ಅವಸರಂ ಲೇದು” ಎಂದರು. ಆಕೆ ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋದರು.

“ನಿಧಾನವಾಗಿ ಬಡಿಸಿ ಅಂದ್ರೆ ಹೋಗೇಬಿಟ್ರಲ್ಲಮ್ಮ?”

“ಅಯ್ಯೋ, ಅವಸರಂ ಲೇದು ಅಂದ್ರೆ ನಮ್ಮಲ್ಲಿ ಬೇಕಾಗಿಲ್ಲ ಅಂತ” ಎಂದು ಆಕೆ ನಕ್ಕರು.

ಚಿಕ್ಕಪ್ಪ ಎಲೆ ಬಿಟ್ಟು ಎದ್ದರಂತೆ.

ಇಷ್ಟು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಸಂಜೆ ಜಗಲಿಯಲ್ಲಿ ಅವರ ಪಕ್ಕ ಕೂತು, “ಆಮೇಲಾದ್ರೂ ಹೋಗಿ ಹೇಳಬಾರದಿತ್ತಾ?” ಎಂದೆ.



“ಹೋಗಿದ್ದೆ ಕಣೆ, ಕರ್ನೂಲಿಗೆ. ಮನೆ ಸಿಕ್ತು. ಒಳಗೆ ಮಗೂಗೆ ಎಣ್ಣೆ ಹಚ್ತಾ ಇದ್ಲು. ನನ್ನ ನೋಡಿ ಎದ್ದು ಬಂದ್ಲು. ಬಿಸಿಲಲ್ಲಿ ಬಂದಿದ್ದೀರಿ, ನೀರು ಬೇಕಾ ಅಂದ್ಲು.”

ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

“ಬೇಕು ಅಂದೆ. ಎರಡು ಲೋಟ ಕುಡಿದು ಬಂದೆ.”