ಮಾವನ ವಿಮಾನಕ್ಕೆ ಬಾಯಿ ಬಂದದ್ದು

ನಮ್ಮ ಸೋದರಮಾವನ ಹತ್ತಿರ ಸ್ವಂತ ವಿಮಾನವಿದೆ. ಸುಳ್ಳಲ್ಲ, ಕೆರಗೋಡಿನ ಕಡೆ ಬಂದರೆ ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಎರಡು ರೆಕ್ಕೆ, ಒಂದು ಬಾಲ, ಮೂರು ಚಕ್ರ, ಮೂತಿಗೊಂದು ಫ್ಯಾನು, ಕೂರಲು ಒಬ್ಬರಿಗೆ ಜಾಗ. ಎಲ್ಲ ಲಕ್ಷಣವಾಗಿದೆ. ಇದುವರೆಗೆ ಅದು ನೆಲದಿಂದ ಒಂದು ಗೇಣು ಮೇಲೆದ್ದಿಲ್ಲ ಎಂಬುದೊಂದನ್ನು ಬಿಟ್ಟರೆ ಅದಕ್ಕೆ ಹೆಸರಿಡುವ ಹಾಗೇ ಇಲ್ಲ!

ಮಾವ ಮೂವತ್ತು ವರ್ಷಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವರು. ನಿವೃತ್ತಿಯಾದ ಮೇಲೆ ಅವರ ಜೊತೆಯವರು ಭಜನೆಗೆ ಸೇರಿದರು, ಸೊಸೈಟಿ ಚುನಾವಣೆಗೆ ನಿಂತರು, ಸೋತರು, ಮತ್ತೆ ಭಜನೆಗೆ ಹೋದರು. ಮಾವ ಮಾತ್ರ ಬೆಲ್ಲ ಕಾಯಿಸುವುದು ನಿಂತುಹೋಗಿದ್ದ ತಮ್ಮ ಹಳೆಯ ಆಲೆಮನೆಯನ್ನು ಗುಡಿಸಿ, ಅದರೊಳಗೆ ವಿಮಾನ ಕಟ್ಟಲು ಕೂತರು. ಪೈಪು ಬೆಸೆದು ಮೈ ಮಾಡಿದರು, ಅದಕ್ಕೆ ಬಟ್ಟೆ ಹೊದಿಸಿ ಬಣ್ಣ ಬಳಿದರು. ಮೊದಮೊದಲು ಊರಿನವರು ಗದ್ದೆಗೆ ಔಷಧಿ ಹೊಡೆಯುವ ಹೊಸ ಯಂತ್ರವೆಂದುಕೊಂಡಿದ್ದರು. ವಿಮಾನ ಎಂದು ತಿಳಿದಾಗ ಒಬ್ಬ ಹಿರಿಯರು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮಂಡ್ಯಕ್ಕೆ ಹೊತ್ತಿಗೊಂದು ಬಸ್ಸು ಇದೆಯಲ್ಲ, ಇದು ಯಾಕೆ ಎಂದು ಕೇಳಿದರಂತೆ.

ಇಷ್ಟಾದರೂ ಅತ್ತೆ ಸುಮ್ಮನಿದ್ದರು. ಅವರು ಸುಮ್ಮನಿರದೆ ಹೋದದ್ದು ಕಬ್ಬಿನ ಗದ್ದೆಯ ಪ್ರಸಂಗದ ನಂತರ. ಒಂದು ದಿನ ಮಾವ, ಹಾರುವುದಿಲ್ಲ, ಸುಮ್ಮನೆ ನೆಲದ ಮೇಲೆ ಓಡಿಸಿ ನೋಡುತ್ತೇನೆ ಎಂದು ಹೊರಟರು. ತೋಟದ ಉದ್ದಕ್ಕೂ ಮಟ್ಟ ಮಾಡಿಸಿದ್ದ ಹಾದಿಯಲ್ಲಿ ವಿಮಾನ ನೆಟ್ಟಗೆ ಓಡಿತು. ಹಾದಿ ಮುಗಿದ ಮೇಲೂ ಓಡಿತು. ಪಕ್ಕದವರ ಕಬ್ಬಿನ ಒಳಕ್ಕೆ ನುಗ್ಗಿ ನಿಂತಾಗ ಮಾವನ ಭುಜದ ಮೂಳೆ ಮುರಿದಿತ್ತು. ಎಷ್ಟು ಕೂಗಿದರೂ ಪಂಪ್‌ಸೆಟ್ಟಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮೊಬೈಲು ಇರಲಿಲ್ಲವೇ ಎನ್ನುತ್ತೀರಾ? ಇತ್ತು, ಅಂಗಿಯ ಜೇಬಿನಲ್ಲಿ. ಅಂಗಿ ಎಲ್ಲಿತ್ತು? ಆಲೆಮನೆಯ ಮೊಳೆಯಲ್ಲಿ! ಮಧ್ಯಾಹ್ನ ಮುದ್ದೆ ತೆಗೆದುಕೊಂಡು ಹೋದ ಅತ್ತೆ ವಿಮಾನ ಕಾಣದೆ, ಚಕ್ರದ ಗುರುತು ಹಿಡಿದು ಹುಡುಕಿಕೊಂಡು ಹೋಗುವವರೆಗೆ ಅವರು ಅಲ್ಲೇ ಬಿದ್ದಿದ್ದರು.

ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ದಿನ ಅತ್ತೆ ನನ್ನೆದುರಿಗೇ ಹೇಳಿಬಿಟ್ಟರು.

"ನೋಡಿ, ನಿಮ್ ದನಿ ನನ್ ಕಿವಿಗೆ ಬೀಳೋಗಂಟ ಆ ಗಾಡಿ ನೆಲ ಬುಡಂಗಿಲ್ಲ. ನಾನ್ ಕೂಗುದ್ರೆ ನಿಮ್ಗೆ ಕೇಳ್ಬೇಕು, ನೀವ್ ಕೂಗುದ್ರೆ ನನ್ಗೆ ಕೇಳ್ಬೇಕು. ಅಷ್ಟೇಯ."

ಹಾರಲು ದಿಲ್ಲಿಯ ಕಚೇರಿಯೊಂದರ ಅನುಮತಿಯೂ ಬೇಕು. ಆ ಅರ್ಜಿಯನ್ನು ಮಾವ ಆಗಲೇ ಹಾಕಿದ್ದರು. ಆದರೆ ದಿಲ್ಲಿಯವರ ಜೊತೆಯಲ್ಲಾದರೂ ವಾದ ಮಾಡಬಹುದು. ಹೀಗೆ ವಿಮಾನಕ್ಕೆ ರೇಡಿಯೋ ಕೂರಿಸುವ ಕೆಲಸ ಶುರುವಾಯಿತು.

ರೇಡಿಯೋ ಎಂದರೆ ಹಾಡು ಕೇಳುವುದಲ್ಲ, ಮಾತಾಡುವುದು. ಹಾಗೆ ಮಾತಾಡಲು ಪರೀಕ್ಷೆ ಪಾಸು ಮಾಡಬೇಕು. ಅರವತ್ತು ದಾಟಿದ ಮಾವ ಕನ್ನಡಕ ಏರಿಸಿಕೊಂಡು ಓದಲು ಕೂತರು. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಹೆಸರಿದೆಯಂತೆ, ಆಲ್ಫಾ, ಬ್ರಾವೋ, ಚಾರ್ಲಿ ಎಂದು. ಬಾಯಿಪಾಠವಾಗಲಿ ಎಂದು ಅವುಗಳನ್ನು ಎರಡು ಹಸುವಿಗೂ ಒಂದು ಎಮ್ಮೆಗೂ ಇಟ್ಟರು. ಚಾರ್ಲಿ ಎಮ್ಮೆ. ಚಾರ್ಲಿ ಗೂಟ ಕಿತ್ತುಕೊಂಡು ಹೋದಳೆಂದು ಬೀದಿಯವರೆಲ್ಲ ಸಹಜವಾಗಿ ಮಾತಾಡಿಕೊಳ್ಳುವಂತಾಯಿತು. ಹಾಲು ಕರೆಯುತ್ತ ಕೇಳಿಸಿಕೊಂಡ ಅತ್ತೆಗೆ ಪಾಠವೆಲ್ಲ ಮಾವನಿಗಿಂತ ಮೊದಲೇ ಬಂದುಬಿಟ್ಟಿತು. ಪುಸ್ತಕದಲ್ಲಿ ಇನ್ನೊಂದು ಪದ್ಧತಿ ಇತ್ತು. ಎದುರಿನವರ ದನಿ ಎಷ್ಟು ಸ್ಪಷ್ಟವಾಗಿ ಕೇಳಿಸಿತು ಎನ್ನುವುದಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಮಾವ ಅದನ್ನು ಮನೆಯಲ್ಲೇ ಅಭ್ಯಾಸ ಮಾಡಿದರು. ಅಡುಗೆಮನೆಯಿಂದ ಊಟಕ್ಕೆ ಕರೆದರೆ "ಐದು!" ಎಂದು ಎದ್ದು ಬರುವರು. ಹುಲ್ಲು ಹಾಕಿ ಬನ್ನಿ ಎಂದರೆ "ಒಂದು" ಎಂದು ಕೂತಲ್ಲೇ ಕೂರುವರು.

ಮೊದಲ ಸಲ ಪರೀಕ್ಷೆಯಲ್ಲಿ ಫೇಲಾದರು. ಎಷ್ಟು ಕರೆದರೂ ಆ ಕಡೆಯವರು ಉತ್ತರ ಕೊಡದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, "ಇನ್ನೂ ಗಟ್ಟಿಯಾಗಿ ಕೂಗ್ತೀನಿ ಸಾರ್" ಎಂದಿದ್ದರಂತೆ. ಎರಡನೆಯ ಸಲ ಪಾಸಾಗಿ ಬಂದು, ಡೇರಿಗೆ ಹಾಲು ಹಾಕಲು ಬಂದವರಿಗೆಲ್ಲ ಮೈಸೂರುಪಾಕು ಹಂಚಿದರು.

ರೇಡಿಯೋ ಸೆಟ್ಟು ತರಿಸಿಯಾಗಿತ್ತು, ಇನ್ನು ಉಳಿದದ್ದು ಆಂಟೆನಾ ಮತ್ತು ಅದರ ಕೇಬಲ್ಲು. ಮದ್ದೂರಿಗೆ ಹೋದವರು ವಡೆ ಕಟ್ಟಿಸಿಕೊಂಡು ಬರುತ್ತಾರೆ, ನಮ್ಮ ಮಾವ ಕೇಬಲ್ಲು ಸುತ್ತಿಸಿಕೊಂಡು ಬಂದರು. ಜೊತೆಗೆ ಅಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುವ ಹಳೆಯ ಸ್ನೇಹಿತ ರಫೀಕ್ ಭಾಯಿಯನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ಭಾಯಿ ಕೇಬಲ್ಲಿನ ತುದಿ ಹೆರೆದು ನೋಡಿ ನಕ್ಕುಬಿಟ್ಟರು. ಅದು ಮನೆಯ ಟಿವಿಗೆ ಹಾಕುವ ಕೇಬಲ್ಲು, ಈ ರೇಡಿಯೋಗೆ ಬೇರೆಯದೇ ಬೇಕು ಎಂದರು. ಎರಡೂ ಕಪ್ಪಗೇ ಇದೆಯಲ್ಲ ಎಂದು ಮಾವ ವಾದಿಸಿದರು. ನನ್ನ ಹಾಗೆಯೇ ನೀವೂ ಕಪ್ಪಗಿದ್ದೀರಿ, ನಾಳೆಯಿಂದ ಅಂಗಡಿಯಲ್ಲಿ ನೀವೇ ಕೂತುಕೊಳ್ಳಿ ಎಂದರು ಭಾಯಿ.

ಸರಿಯಾದ ಕೇಬಲ್ಲು ಬಂತು. ಈಗ ಹೊಸ ತಕರಾರು. ಆಂಟೆನಾ ಎನ್ನುವ ಕಡ್ಡಿಗೆ ಬುಡದಲ್ಲಿ ಅಗಲವಾದ ಲೋಹದ ತಗಡು ಇರಬೇಕಂತೆ, ಇಲ್ಲದಿದ್ದರೆ ದನಿ ದೂರ ಹೋಗುವುದಿಲ್ಲವಂತೆ. ದೊಡ್ಡ ವಿಮಾನಗಳ ಮೈಯೇ ತಗಡು. ಮಾವನದು ಬಟ್ಟೆ. ಹಗುರವಾಗಿರಬೇಕು, ದುಂಡಗಿರಬೇಕು, ಅಗಲವಿರಬೇಕು ಎಂದು ಭಾಯಿ ಹೇಳುತ್ತಿದ್ದ ಹಾಗೆಯೇ ಮಾವನ ಕಣ್ಣು ಅಡುಗೆಮನೆಯ ಅಟ್ಟಕ್ಕೆ ಹೋಯಿತು. ಮದುವೆಯಲ್ಲಿ ಅತ್ತೆಯ ತವರಿನವರು ಕೊಟ್ಟಿದ್ದ ದೊಡ್ಡ ಸಿಲ್ವರ್, ಅಂದರೆ ಅಲ್ಯುಮಿನಿಯಂ, ತಪ್ಪಲೆಯ ಮುಚ್ಚಳ! ಅತ್ತೆ ದೇವರಪೂಜೆಯಲ್ಲಿದ್ದಾಗ ಅದು ಇಳಿಯಿತು, ನಡುವೆ ತೂತು ಕಂಡಿತು, ವಿಮಾನದ ಹೊಟ್ಟೆಯ ಕೆಳಗೆ ಸೇರಿಕೊಂಡಿತು. ಆಂಟೆನಾದ ಕಡ್ಡಿ ಅದರ ನಡುವಿನಿಂದ ನೆಲದ ಕಡೆಗೆ ಚಾಚಿಕೊಂಡಿತು. ಮುಚ್ಚಳದ ಅಂಚಿನಲ್ಲಿ ಅತ್ತೆಯ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು. ದಿಲ್ಲಿಯಿಂದ ಇನ್ನೂ ನೋಂದಣಿ ನಂಬರು ಬರದ ಆ ವಿಮಾನದ ಮೇಲೆ ಇದ್ದ ಅಕ್ಷರಗಳೆಂದರೆ ಅವಷ್ಟೇ. ವಿಷಯ ತಿಳಿದಾಗ ಅತ್ತೆ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಹೋಗಿ ಬಗ್ಗಿ ತಮ್ಮ ಹೆಸರು ನೋಡಿ ಬಂದರು.

ರೇಡಿಯೋ ಮಾತಾಡಿತು. ಮಾವ ವಿಮಾನದಲ್ಲಿ, ಭಾಯಿ ತೋಟದ ಆ ತುದಿಯಲ್ಲಿ ಕೈಯಲ್ಲಿ ಹಿಡಿಯುವ ಇನ್ನೊಂದು ಸೆಟ್ಟು ಹಿಡಿದು. ಎಂಜಿನ್ನು ಶುರು ಮಾಡಿದರೆ ಕರಕರ ಎನ್ನುತ್ತಿತ್ತು, ಭಾಯಿ ಅದನ್ನೂ ಸರಿ ಮಾಡಿದರು. ಮಾರನೆಯ ವಾರ ಅತ್ತೆಗೆ ಕೇಳಿಸುವುದು ಎಂದು ತೀರ್ಮಾನವಾಯಿತು.

ಮಾರನೆಯ ವಾರ ನೋಡಿದರೆ ರೇಡಿಯೋ ಮೂಕ! ಸೆಟ್ಟು ಬಿಚ್ಚಿದರು, ಕಟ್ಟಿದರು. ಕೇಬಲ್ಲು ಬದಲಾಯಿಸಿದರು. ಬ್ಯಾಟರಿ ಬದಲಾಯಿಸಿದರು. ಭಾಯಿ ನಾಲ್ಕು ಸಲ ಮದ್ದೂರಿನಿಂದ ಬಂದು ಹೋದರು. ಮಾವನ ಮುಖ ದಿನದಿನಕ್ಕೆ ಸಪ್ಪಗಾಯಿತು. ದನಿ ಕೇಳದೆ ನೆಲ ಬಿಡುವ ಹಾಗಿಲ್ಲ, ಮಾತು ಕೊಟ್ಟಾಗಿದೆ. ಊಟಕ್ಕೆ ಕರೆದರೂ "ಮೂರು" ಎನ್ನತೊಡಗಿದರು. ನಮ್ಮ ಮಾವ ಊಟಕ್ಕೆ ಮೂರು ಎಂದರೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತು, ನೀವೇ ಯೋಚಿಸಿ.

ಕೊನೆಗೆ ಪತ್ತೆ ಮಾಡಿದವನು, ತಾಂತ್ರಿಕ ವಿಷಯಗಳಲ್ಲಿ ಶುದ್ಧ ಮೊದ್ದನಾದ ನಾನು! ಭಾಯಿಯ ಕೈಯಿಂದ ಜಾರಿದ ಒಂದು ಸ್ಕ್ರೂ ಹುಡುಕಲು ವಿಮಾನದ ಹೊಟ್ಟೆಯ ಕೆಳಗೆ ತೂರಿದೆ. ನಡುನೋವಿನ ಮಾವ ಅಲ್ಲಿಗೆ ಬಗ್ಗುವವರಲ್ಲ, ಭಾಯಿ ಸ್ಟೂಲಿನ ಮೇಲೆ ಕೂತು ಒಳಗಿನಿಂದಲೇ ಪರೀಕ್ಷೆ ಮಾಡುವವರು. ಅಲ್ಲಿ ಆಂಟೆನಾದ ಬುಡಕ್ಕೆ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ನೇತಾಡುತ್ತಿದ್ದವು. ದಾರದಲ್ಲಿ ಪೋಣಿಸಿದರೆ ಆಲೆಮನೆಯ ಇಲಿಗಳು ಕತ್ತರಿಸುತ್ತವೆ ಎಂದು ಅತ್ತೆ ತಂತಿಯಲ್ಲಿ ಪೋಣಿಸಿ, ಕಡ್ಡಿಗೂ ಮುಚ್ಚಳಕ್ಕೂ ಸೇರಿಸಿ ಬಿಗಿದಿದ್ದರು. ದೃಷ್ಟಿಗೆ. ಅಮಾವಾಸ್ಯೆ ದಿನ. ಒಂದಕ್ಕೊಂದು ತಾಗಲೇಬಾರದ ಎರಡನ್ನು ಅತ್ತೆಯ ತಂತಿ ಭದ್ರವಾಗಿ ತಾಗಿಸಿತ್ತು.

ನಾನು ಅದನ್ನು ಹಿಡಿದುಕೊಂಡು ಹೊರಬಂದಾಗ ಬಾಗಿಲಲ್ಲಿ ಕಾಫಿ ತಂದು ನಿಂತಿದ್ದ ಅತ್ತೆಯ ಮುಖ ಬಿಳಿಚಿಕೊಂಡಿತು. ನಿಮಗೇನೂ ಆಗದಿರಲಿ ಅಂತ ಕಟ್ಟಿದ್ದು ಎಂದು ಸಣ್ಣ ದನಿಯಲ್ಲಿ ಹೇಳಿದರು. ಮೂರು ವಾರದ ಒದ್ದಾಟ! ಮಾವ ಈಗ ಸಿಡಿಯುತ್ತಾರೆ ಎಂದು ನಾನೂ ಭಾಯಿಯೂ ನೆಲ ನೋಡಿದೆವು. ಮಾವ ಆ ಸರವನ್ನು ತೆಗೆದುಕೊಂಡು ತಕ್ಕಡಿಗೆ ಹಾಕಿದರು. ವಿಮಾನದ ಪ್ರತಿಯೊಂದು ಸಾಮಾನಿನ ತೂಕ ಬರೆದಿಡುವ ನೋಟ್‌ಬುಕ್ಕು ಅವರಲ್ಲಿದೆ. ಅದರಲ್ಲಿ ಎಂಜಿನ್ನು, ರೇಡಿಯೋ, ಆಂಟೆನಾ, ಮುಚ್ಚಳಗಳ ಕೆಳಗೆ ಬರೆದರು: ನಿಂಬೆಹಣ್ಣು ಒಂದು, ಮೆಣಸಿನಕಾಯಿ ಏಳು, ಎಪ್ಪತ್ತೈದು ಗ್ರಾಂ. ಆಮೇಲೆ ಸೀಟಿನ ಹಿಂದೆ ಒಂದು ಕೊಕ್ಕೆ ಬೆಸೆದು, ಇನ್ನು ಮೇಲೆ ಇಲ್ಲಿ ಕಟ್ಟು ಎಂದರು. ನನಗೆ ಆ ಕ್ಷಣ ಮಾವನ ಮೇಲೆ ಬಹಳ ಪ್ರೀತಿ ಬಂತು.

ಮರುದಿನ ಮಧ್ಯಾಹ್ನ ಅತ್ತೆ ಅಂಗಳದಲ್ಲಿ ಸೆಟ್ಟು ಹಿಡಿದು ನಿಂತರು, ಅವರ ಪಕ್ಕ ನಾನು ಮತ್ತು ಭಾಯಿ. ಮಾವ ಹಾದಿಯ ಆ ಕೊನೆಯಲ್ಲಿ ವಿಮಾನದೊಳಗೆ, ಎಂಜಿನ್ನು ಓಡುತ್ತಿದೆ. ಈ ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು ಎಂದು ಭಾಯಿ ಹೇಳಿಕೊಟ್ಟರು. ಅತ್ತೆ ಒತ್ತಿದರು.

"ಇಗಾ, ಕೇಳುಸ್ತಾ?"

ಸೆಟ್ಟಿನಲ್ಲಿ ಮಾವನ ದನಿ ಬಂತು, ಪರೀಕ್ಷೆ ಪಾಸು ಮಾಡಿದವರ ದನಿ. ಯಾರನ್ನು ಕರೆಯುತ್ತಿದ್ದೀರೋ ಅವರ ಹೆಸರು ಮೊದಲು ಹೇಳಬೇಕು, ಇಲ್ಲದಿದ್ದರೆ ಉತ್ತರ ಕೊಡುವ ಹಾಗಿಲ್ಲ ಎಂದರು. ಉತ್ತರ ಕೊಡುವುದಿಲ್ಲ ಎನ್ನುವುದೂ ಒಂದು ಉತ್ತರವಲ್ಲವೇ? ಅದನ್ನು ಅವರಿಗೆ ಹೇಳುವವರು ಯಾರು!

ಸಂಕಟ ನಿಮಗೆ ಅರ್ಥವಾಯಿತಲ್ಲ? ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅತ್ತೆ ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೇಳಿಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ನನ್ನ ಕಡೆ ತಿರುಗಿ, ಏಳಪ್ಪ ನಿಮ್ಮಾವನ ಎಸ್ರ, ಎಂದವರು. ಮಕ್ಕಳಿದ್ದಿದ್ದರೆ ಇಂಥವನ ಅಪ್ಪ ಎಂದಾದರೂ ಕರೆದು ಪಾರಾಗುತ್ತಿದ್ದರು, ಅವರಿಗೆ ಮಕ್ಕಳಿಲ್ಲ. ವಿಮಾನಕ್ಕೆ ನಂಬರು ಬಂದಿದ್ದರೆ ಅದನ್ನೇ ಹೇಳಬಹುದಿತ್ತು, ಅದೂ ಬಂದಿಲ್ಲ.

ಅತ್ತೆ ಸ್ವಲ್ಪ ಯೋಚಿಸಿ ಗುಂಡಿ ಒತ್ತಿದರು. "ಚಾರ್ಲಿ ಯಜಮಾನ್ರೇ, ಕೇಳುಸ್ತಾ? ಓವರ್."

"ಆ ಎಸ್ರಿನೋರು ಯಾರೂ ಇಲ್ಲಿಲ್ಲ" ಎಂದಿತು ಸೆಟ್ಟು.

ಭಾಯಿ ಬಾಯಿಗೆ ಟವೆಲ್ಲು ಅಡ್ಡ ಇಟ್ಟುಕೊಂಡರು. ಅತ್ತೆ ನಗಲಿಲ್ಲ. ಹಾದಿಯ ಕೊನೆಯ ಕಬ್ಬಿನ ಕಡೆ ಒಂದು ಸಲ ನೋಡಿದರು. ಅಂದು ಮಾವ ಎಷ್ಟು ಕೂಗಿದರೂ ಅವರಿಗೆ ಕೇಳದೆ ಹೋದದ್ದು ಅಲ್ಲಿಂದಲೇ. ನಮ್ಮಿಬ್ಬರಿಗೂ ಆ ಕಡೆ ತಿರುಗಿಕೊಳ್ಳಲು ಹೇಳಿ, ತಾವು ಗೋಡೆಯ ಕಡೆ ತಿರುಗಿ, ಸೆಟ್ಟನ್ನು ತುಟಿಗೆ ಹತ್ತಿರ ಹಿಡಿದು ಹೆಸರು ಹೇಳಿದರು. ಪೂರ್ತಿ ಹೆಸರು. ಮಾವನ ಅಪ್ಪ ಇಟ್ಟದ್ದು.

ಸೆಟ್ಟಿನಲ್ಲಿ ಬರೀ ಬುಸ್ ಎನ್ನುವ ಸದ್ದು. ಮತ್ತೆ ಕೆಟ್ಟಿತು ಎಂದುಕೊಂಡು ಭಾಯಿ ಸೆಟ್ಟಿಗೆ ಕೈ ಚಾಚಿದರು. ಅತ್ತೆ ಕೊಡಲಿಲ್ಲ.

"ಕೇಳುಸ್ತು" ಎಂದರು ಮಾವ. ಆಮೇಲೆ ಪುಸ್ತಕದಲ್ಲಿದ್ದಂತೆ, ಸರಿಯಾಗಿ ಕೇಳದಿದ್ದವರು ಹೇಳಬೇಕಾದ ಮಾತು ಹೇಳಿದರು. "ಸೇ ಎಗೇನ್."

ಅದರ ಅರ್ಥ ಅತ್ತೆಗೆ ಗೊತ್ತಿತ್ತು, ಹಾಲು ಕರೆಯುತ್ತ ಕಲಿತದ್ದು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ನಮ್ಮೆದುರಿಗೇ, ತೋಟಕ್ಕೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೆಸರು ಹೇಳಿ, "ಇನ್ ನೀವ್ ಮ್ಯಾಲಕ್ಕೋಗ್ಬೋದು" ಎಂದರು.

ದಿಲ್ಲಿಯ ಅನುಮತಿ ಇನ್ನೂ ಬಂದಿಲ್ಲ. ಫೈಲು ಮುಂದಕ್ಕೆ ಹೋಗಿದೆ ಎಂದು ಹೋದ ವಾರ ಒಂದು ಕಾಗದ ಬಂದಿದೆ, ಮಾವ ಅದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದಾರೆ. ಈ ವರ್ಷದೊಳಗೆ ಹಾರಿಯೇ ಹಾರುತ್ತಾರೆ, ಬರೆದಿಟ್ಟುಕೊಳ್ಳಿ. ಅವರ ಹೆಸರನ್ನು ನಾನು ಇಲ್ಲಿ ಎಲ್ಲೂ ಬರೆಯಲಿಲ್ಲ ಎಂದು ಯಾರೂ ಬೇಸರಿಸಬೇಡಿ. ಅತ್ತೆ ಅಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದನ್ನು ನಾನು ಪೇಪರಿನಲ್ಲಿ ಹಾಕುವುದು ಸರಿಯೇ?

ಮೊನ್ನೆ ಆಲೆಮನೆಗೆ ಹೋದಾಗ ಆ ನೋಟ್‌ಬುಕ್ಕನ್ನು ತಿರುವಿದೆ. ರೇಡಿಯೋ ಪರೀಕ್ಷೆಯ ಪುಟದಲ್ಲಿ ಮಾವ ಫಿಟ್ಟರುಗಳ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಕರೆದವರು: ನನ್ನ ಹೆಂಡತಿ. ಕರೆದದ್ದು: ನನ್ನ ಹೆಸರು ಹಿಡಿದು, ಎರಡು ಸಲ. ಕೇಳಿಸಿದ್ದು: ಐದು.