ಅತ್ತಿಗೆಯ ಇಪ್ಪತ್ತೊಂದು ಸೂಜಿ

ನಾರ್ತ್‌ವಿಲ್‌ನಲ್ಲಿರುವ ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿಕೊಳ್ಳಲು ಹೋಗುವುದಿಲ್ಲ. ಡಾಕ್ಟರನ್ನೇ ಪರೀಕ್ಷೆ ಮಾಡಿ ಬರುತ್ತಾರೆ! ಇದುವರೆಗೆ ಪಾಸಾದವರು ಯಾರೂ ಇಲ್ಲ.

ಆರು ವರ್ಷದಿಂದ ಅವರಿಗೆ ಫೈಬ್ರೊಮಯಾಲ್ಜಿಯ. ಮೈಯೆಲ್ಲ ನೋವು, ರಕ್ತಪರೀಕ್ಷೆಯಲ್ಲಿ ಮಾತ್ರ ಏನೂ ಇಲ್ಲ. ರಿಪೋರ್ಟಿನಲ್ಲಿ ಕಾಣದ ನೋವು ಕೆಲಸ ತಪ್ಪಿಸುವ ನೆಪ ಎಂಬುದು ನಮ್ಮ ಮನೆಯವರ ವೈದ್ಯಶಾಸ್ತ್ರ. ಅದರಲ್ಲಿ ನಾನೇ ದೊಡ್ಡ ಪಂಡಿತೆ! ಅಷ್ಟರಲ್ಲಿ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿರುವ ಅವರ ಮಗಳು ಬಸುರಿಯಾದಳು. ಬಾಣಂತನ ತಾನೇ ಮಾಡಬೇಕು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಾನೇ ನೀರು ಹಾಕಬೇಕು ಎಂದು ಅತ್ತಿಗೆ ಹಟ ಹಿಡಿದರು. ಹಾಗೆ ಶುರುವಾಯಿತು ಅಕ್ಯುಪಂಕ್ಚರ್. ಡ್ರೈವರ್ ನಾನು.

ಮೊದಲ ದಿನವೇ ರಗಳೆ. ಕ್ಲಿನಿಕ್ಕಿನ ಮಂಚ ನೋಡಿದವರೇ ಅತ್ತಿಗೆ ಫೋನಿನಲ್ಲಿ ದಿಕ್ಸೂಚಿ ತೆಗೆದರು.

"ಉತ್ತರಕ್ಕೆ ತಲೆ ಹಾಕಿ ಮಲಗಿಸ್ತಾಳಲ್ಲೇ ಇವಳು! ಇರೋ ನೋವೂ ಡಬಲ್ ಆಗುತ್ತೆ, ಹೇಳೇ!"

ನಾನು ಇಂಗ್ಲಿಷಿನಲ್ಲಿ ಏನೋ ತೊದಲಿದೆ. ಸೂಜಿ ಚುಚ್ಚುವ ಆ ತಾಳ್ಮೆಯ ಹೆಂಗಸು ದಿಂಬನ್ನು ಎತ್ತಿ ಇನ್ನೊಂದು ತುದಿಗೆ ಇಟ್ಟಳು. ಇಪ್ಪತ್ತು ಸೂಜಿ ಚುಚ್ಚಿ, ದೀಪ ಸಣ್ಣ ಮಾಡಿ ಹೊರಟಳು.

"ಇಪ್ಪತ್ತಕ್ಕೇ ನಿಲ್ಲಿಸಿದ್ಲಾ? ಇನ್ನೊಂದು ಹಾಕೋಕೆ ಹೇಳೇ."

"ಅತ್ತಿಗೆ, ಇದೇನು ಮದುವೆ ಮುಯ್ಯಾ?"

"ಮೊಮ್ಮಗು ಬರ್ತಿದೆ, ಶುಭಕಾರ್ಯ ಅಲ್ವೇನೇ?"

ಇಪ್ಪತ್ತೊಂದನೆಯದು ಹೆಬ್ಬೆರಳ ಸಂದಿಗೆ ಬಿತ್ತು. ಮರುನಿಮಿಷವೇ ಅತ್ತಿಗೆ ಗೊರಕೆ ಹೊಡೆದರು.

ಎಂಟು ವಾರ ಇದೇ ಸೇವೆ. ನೋವು ಹೋಯಿತೇ? ಕೆಲವು ದಿನ ಕಮ್ಮಿ, ಕೆಲವು ದಿನ ಹೇಗಿತ್ತೋ ಹಾಗೆ. ಕಮ್ಮಿ ಮಾಡಿದ್ದು ಸೂಜಿಯೋ ಗೊರಕೆಯೋ, ಯಾರಿಗೆ ಗೊತ್ತು!

ಮಗು ಹುಟ್ಟಿತು. ಅತ್ತಿಗೆಯನ್ನು ಮಗಳ ಮನೆಗೆ ನಾನೇ ಕರೆದುಕೊಂಡು ಹೋದೆ. ಬಾತ್‌ಟಬ್‌ನೊಳಗೆ ಮಣೆ ಹಾಕಿ, ಕಾಲು ಚಾಚಿ ಕೂತು, ಕೂಸನ್ನು ಬೋರಲು ಮಲಗಿಸಿಕೊಂಡು ನೀರು ಹಾಕಿದರು. ಕೈ ಒಂದು ಸಲವೂ ನಡುಗಲಿಲ್ಲ. ಮಗಳು ಕೂಸನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಹೋದಳು. ಅತ್ತಿಗೆ ಮಾತ್ರ ಏಳಲಿಲ್ಲ.

"ಏಳಿ ಅತ್ತಿಗೆ."

ತುಟಿ ಕಚ್ಚಿಕೊಂಡು ಆಗುವುದಿಲ್ಲವೆಂದು ತಲೆಯಾಡಿಸಿದರು. ಕಣ್ಣ ತುಂಬ ನೀರು. ಆ ಮುಖ ನೋಡಿದಾಗ, ಆರು ವರ್ಷ ನಾನಾಡಿದ ಮಾತುಗಳಿಗೆಲ್ಲ ನಾಚಿಕೆಯಾಯಿತು. ಕಂಕುಳಿಗೆ ಕೈಕೊಟ್ಟು ನಿಧಾನಕ್ಕೆ ಎತ್ತಿದೆ. ನನ್ನ ಭುಜಕ್ಕೆ ಒರಗಿ ನಿಂತು, ಬಾಗಿಲ ಕಡೆ ನೋಡಿ, ಮೆಲ್ಲಗೆ ಹೇಳಿದರು:

"ಅವಳಿಗೆ ಹೇಳ್ಬೇಡ ಕಣೇ. ನಾಳೆ ನೀರು ಹಾಕೋಕೆ ಬಿಡಲ್ಲ."